ಮಧ್ಯಾಹ್ನ ಎರಡರ ಗುಬ್ಬಿ

ಯಾರಾದರೂ ‘ಹೆಂಗದೀರಿ?’ ಎಂದು ಕೇಳಿದರೆ, ಪ್ರಶ್ನೆ ಮುಗಿಯುವ ಮೊದಲೇ ದೇವಕಮ್ಮನ ಬಾಯಿಂದ ‘ಆರಾಮ ಅದೀವ್ರಿ’ ಹೊರಬೀಳುತ್ತಿತ್ತು. ಹೋದ ವರ್ಷದ ಮಳೆಗೆ ಹಿತ್ತಲ ಗೋಡೆ ಕುಸಿದ ಮುಂಜಾನೆಯೂ ಅಷ್ಟೇ. ಪಕ್ಕದ ಮನೆಯ ಹಜರಾಬೀ ಆಡಿಗೆ ಸೊಪ್ಪು ಹಾಕಲು ಬಂದವಳು, ದಿನದ ರೂಢಿಯಂತೆ ಗೋಡೆಯ ಮೇಲಿಂದ ಇಣುಕಲು ಹೋದರೆ ಇಣುಕಲು ಗೋಡೆಯೇ ಇರಲಿಲ್ಲ. ಆದರೂ ಕೇಳಿದಳು.

“ದೇವಕ್ಕಾ, ಆರಾಮ?”

ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಲ್ಲು ಎತ್ತುತ್ತಿದ್ದ ದೇವಕಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: “ಆರಾಮ ಅದೀವಿ. ನೀ?”

“ನಾವೂ ಆರಾಮ.”

ಮಣ್ಣಿನ ಗೋಡೆ ಬಿದ್ದಿತ್ತು, ಮರ್ಯಾದೆಯ ಗೋಡೆ ಕದಲಿರಲಿಲ್ಲ. ಮನೆಯ ಸುದ್ದಿ ಹೊಸ್ತಿಲು ದಾಟಬಾರದು, ಹೊರಗಿನವರು ಕೇಳಿದರೆ ನಗುತ್ತಾ ‘ಆರಾಮ’ ಅನ್ನಬೇಕು. ಇದು ದೇವಕಮ್ಮನ ಅತ್ತೆ ಅವಳಿಗೆ ಕಲಿಸಿದ್ದು. ಅವಳು ಸೊಸೆಗೆ ಕಲಿಸಿದ್ದು. ಈಗ ಮೊಮ್ಮಗಳ ಸರದಿ.

ದೋರನಹಳ್ಳಿಯ ಆ ಮನೆಯಲ್ಲಿ ಇದ್ದವರು ನಾಲ್ವರು. ಮಗ ಮರಿಲಿಂಗಪ್ಪ ಪಂಚಾಯಿತಿಯಲ್ಲಿ ನೀರು ಬಿಡುವವನು. ಯಾವ ಓಣಿಯ ನಳಕ್ಕೆ ಎಷ್ಟು ಹೊತ್ತಿಗೆ ನೀರು ಬರುತ್ತದೆಂದು ನಿದ್ದೆಯಲ್ಲೂ ಹೇಳುತ್ತಿದ್ದ. ಮನೆಯಲ್ಲಿ ಯಾರ ಕಣ್ಣಿಗೆ ಯಾವಾಗ ನೀರು ಬರುತ್ತದೆಂಬುದು ಮಾತ್ರ ಅವನ ಇಲಾಖೆಗೆ ಸೇರಿರಲಿಲ್ಲ. ಸೊಸೆ ಮಲ್ಲೇಶ್ವರಿ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಇನ್ನೂರು ಮಕ್ಕಳಿಗೆ ‘ಇನ್ನಷ್ಟು ಹಾಕ್ಲೇನು?’ ಎಂದು ಕೇಳಿ ಕೇಳಿ ಬಂದವಳಿಗೆ, ಮನೆಯಲ್ಲಿ ಅದೇ ಮಾತು ಕೇಳುವ ತ್ರಾಣ ಉಳಿಯುತ್ತಿರಲಿಲ್ಲ. ಮತ್ತು ಮೊಮ್ಮಗಳು ಸಂಘಮಿತ್ರಾ. ಹದಿನಾರು ವರ್ಷ. ಹತ್ತನೇ ತರಗತಿಯಲ್ಲಿ ಊರಿಗೇ ಮೊದಲಿಗಳು, ಈಗ ಶಹಾಪುರದ ಕಾಲೇಜಿನಲ್ಲಿ ಪಿಯುಸಿ ಸೈನ್ಸು. ಬಸ್ ನಿಲ್ದಾಣದ ಎದುರು ಅವಳ ನಗುಮುಖದ ದೊಡ್ಡ ಬ್ಯಾನರು: ‘ದೋರನಹಳ್ಳಿಯ ಹೆಮ್ಮೆ’. ಅಪ್ಪನೇ ಏಣಿ ಹತ್ತಿ ಕಟ್ಟಿದ್ದ.

ಹೆಮ್ಮೆಗಿಂತ ಹೆಚ್ಚಾಗಿ ಅವಳು ಮನೆಯ ರೇಡಿಯೊ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ರಾತ್ರಿಯ ಊಟಕ್ಕೆ ಅದು ಪಲ್ಯದ ಜೊತೆ ಬಡಿಸಲ್ಪಡುತ್ತಿತ್ತು.

“ಏ, ಮುಂದ ಸರೀರಿ, ಮುಂದ ಸರೀರಿ!” ರೊಟ್ಟಿ ಮುರಿಯುತ್ತಾ ಅವಳು ಕಂಡಕ್ಟರ್ ಆಗುತ್ತಿದ್ದಳು. “ಹಿಂದಿನ ಬಸ್ಸು ಖಾಲಿ ಬರ್ತದ ಅಂತ ಇಳದವ್ರು ಇನ್ನಾ ಅಲ್ಲೇ ನಿಂತಾರ! ರೈಟ್!”

ಮರಿಲಿಂಗಪ್ಪನಿಗೆ ನೀರು ನೆತ್ತಿಗೇರುತ್ತಿತ್ತು. ಮಲ್ಲೇಶ್ವರಿ “ಸಾಕು ಮಾಡಬೇ, ಕೂಳು ತಣ್ಣಗಾತು” ಎಂದು ಗದರಿ, ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ಜುಲೈನಲ್ಲಿ ಕಾಲೇಜಿನಲ್ಲಿ ಪಾಲಕರ ಸಭೆ ಆಯಿತು. ಹುಡುಗರು ಕಾಲೇಜಿಗೆ ಮೊಬೈಲು ತರುವಂತಿಲ್ಲ, ಆದರೆ ಮನೆಯ ಮೊಬೈಲಿನಲ್ಲಿ ‘ಮನಗುಬ್ಬಿ’ ಎಂಬ ಆ್ಯಪ್ ಇರಲೇಬೇಕು ಎಂದು ಹೇಳಿದರು. ಯಾದಗಿರಿಯಿಂದ ಬಂದಿದ್ದ ಗುಲ್ನಾಜ್ ಎಂಬ ಆಪ್ತಸಮಾಲೋಚಕಿ ಎದ್ದು ನಿಂತು ವಿವರಿಸಿದಳು.

“ಹುಡುಗ್ರು ನಶಾ ಕಡಿಗಿ ಹೋಗಬಾರದು, ಜೀವಕ್ಕ ಏನರ ಮಾಡ್ಕೋಬಾರದು, ಅದಕ್ಕ ಇದು. ಮುಂಜಾನಿ ಏಳಕ್ಕ ಹೆಂಗಿದ್ದಿ ಅಂತ ಕೇಳ್ತದ. ನಗೋ ಗುಬ್ಬಿ, ಸುಮ್ನ ಕುಂತ ಗುಬ್ಬಿ, ಅಳೋ ಗುಬ್ಬಿ, ಮೂರ ಅವ. ಅಳೋದು ಒತ್ತಿದ್ರ ಮಧ್ಯಾಹ್ನ ಎರಡಕ್ಕ ಇನ್ನೊಮ್ಮೆ ಕೇಳ್ತದ. ಮೂರು ದಿನ ಅಳೋ ಗುಬ್ಬೀನ ಉಳೀತಂದ್ರ ನಾವು ಫೋನ್ ಮಾಡ್ತೀವಿ. ಒಂದು ನೆನಪಿಡ್ರಿ, ಮಕ್ಕಳು ತಾವ ಒತ್ತಬೇಕು. ಮನಿಯವ್ರು ಕೈ ಹಚ್ಚಬ್ಯಾಡ್ರಿ.”

ಆ ಕೊನೆಯ ಮಾತು ಹೇಳುವಾಗ ಮರಿಲಿಂಗಪ್ಪ ಹೊರಗಿದ್ದ. “ಮಾರುತಿ ಓಣ್ಯಾಗ ನೀರ ಬಂದಿಲ್ಲ” ಎಂದು ಯಾರೋ ಅವನ ಗುಂಡಿಯ ಮೊಬೈಲಿಗೆ ಕರೆ ಮಾಡಿದ್ದರು. ಮೂರು ಗುಬ್ಬಿ ಮನೆಗೆ ಬಂದವು, ಎಚ್ಚರಿಕೆ ಶಹಾಪುರದಲ್ಲೇ ಉಳಿಯಿತು.

ಮೊದಲ ಎರಡು ವಾರ ಹಬ್ಬ. ಗುಬ್ಬಿಗೆ ಬೆಂಗಳೂರಿನ ಕಡೆಯ ಹೆಂಗಸಿನ ನಯವಾದ ದನಿ ಇತ್ತು. ಸಂಘಮಿತ್ರಾ ಆ ದನಿಯನ್ನು ಇಡಿಯಾಗಿ ಕದ್ದಳು. ಬೇಳೆಯ ಪಾತ್ರೆಯ ಮುಂದೆ ಕುಳಿತು, ಕೈ ಮುಗಿದು, ಅಜ್ಜಿಯನ್ನು ಕೇಳುವಳು: “ನಮಸ್ಕಾರ ದೇವಕಮ್ಮ ಅವರೇ. ಇಂದು ನಿಮ್ಮ ಬೇಳೆ ಹೇಗಿದೆ? ಉಪ್ಪು ಹೆಚ್ಚಾಗಿದ್ದರೆ ದಯವಿಟ್ಟು ಅಳುವ ಗುಬ್ಬಿಯನ್ನು ಒತ್ತಿ.”

“ನಿನ್ನ ಬಾಯಿಗಿ ಪುಂಡಿ ಪಲ್ಯ ತುರಕಲಿ!” ಎಂದು ದೇವಕಮ್ಮ ನಗುತ್ತಿದ್ದಳು.

ಆಗಸ್ಟಿನಲ್ಲಿ ಮೊದಲ ಕಿರುಪರೀಕ್ಷೆ. ಹತ್ತರವರೆಗೆ ಕನ್ನಡದಲ್ಲಿ ಓದಿದವಳಿಗೆ ಇಲ್ಲಿ ಎಲ್ಲವೂ ಇಂಗ್ಲಿಷು. ಫಿಸಿಕ್ಸಿನ ಮೇಷ್ಟ್ರು ಬೋರ್ಡಿಗೆ ಪಾಠ ಹೇಳಿ ಬೋರ್ಡಿಗೇ ಪ್ರಶ್ನೆ ಕೇಳಿ ಹೋಗುತ್ತಿದ್ದರು. ಫಲಿತಾಂಶ ಬಂತು. ಮೂವತ್ತೈದಕ್ಕೆ ಆರು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನ ತಳದ ಹಾಳೆಯ ಕೆಳಗೆ ಇಟ್ಟಳು. ಮರುದಿನ ಬಸ್ಸಿಗೆ ಕಾಯುವಾಗ ಬ್ಯಾನರಿನ ಮೇಲಿನ ಅವಳೇ ಅವಳನ್ನು ನೋಡಿ ನಗುತ್ತಿದ್ದಳು. ಅಂದಿನಿಂದ ಬ್ಯಾನರಿಗೆ ಬೆನ್ನು ಮಾಡಿ ನಿಲ್ಲತೊಡಗಿದಳು.

ಅಂದಿನಿಂದಲೇ ಊಟದಲ್ಲಿ ಕಂಡಕ್ಟರ್ ಬರಲಿಲ್ಲ. ಬೆಂಗಳೂರಿನ ಹೆಂಗಸೂ ಬರಲಿಲ್ಲ.

“ಹುಡುಗಿ ಈಗ ದೊಡ್ಡಾಕಿ ಆದ್ಳು,” ಮಲ್ಲೇಶ್ವರಿ ಸಮಾಧಾನದಿಂದ ಹೇಳಿದಳು. “ನಕಲಿ ಮಾಡೋದು ಬಿಟ್ಟಾಳ.”

“ಸೈನ್ಸ್ ಅಂದ್ರ ಸುಮ್ನ ಏನು?” ಎಂದ ಮರಿಲಿಂಗಪ್ಪ. “ತಲಿ ಪೂರಾ ಅದ್ರಾಗ ಇರ್ತದ.”

ತಲೆ ಎಲ್ಲಿತ್ತೋ, ನಿದ್ದೆಯಂತೂ ಇರಲಿಲ್ಲ. ಬುದ್ಧನ ಮತ್ತು ಬಾಬಾಸಾಹೇಬರ ಪಟಗಳ ಕೆಳಗೆ ಗೋಡೆಯ ಮಾಡದಲ್ಲಿ ಅಜ್ಜಿಯ ನಿದ್ದೆಯ ಗುಳಿಗೆಗಳು ಇರುತ್ತಿದ್ದವು. ಯಾದಗಿರಿಯ ಡಾಕ್ಟರು ರಾತ್ರಿ ಅರ್ಧ ಮಾತ್ರ ಎಂದು ಬರೆದುಕೊಟ್ಟದ್ದು. ಒಂದು ದಿನ ಸಂಘಮಿತ್ರಾ ಅದರಲ್ಲೊಂದನ್ನು ನುಂಗಿ ಮಲಗಿದಳು. ಲೆಕ್ಕವಿಲ್ಲದ, ಪರೀಕ್ಷೆಯಿಲ್ಲದ ನಿದ್ದೆ. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ಆಮೇಲೆ ನಾಲ್ಕು ದಿನ ಕಾಯಲು ಆಗಲಿಲ್ಲ.

ಒಂದು ಮುಂಜಾನೆ ಏಳಕ್ಕೆ ಗುಬ್ಬಿ ಕೇಳಿದಾಗ ಅವಳು, ಜಡೆ ಹಾಕಿಕೊಳ್ಳುತ್ತಲೇ, ಅಳುವ ಗುಬ್ಬಿಯನ್ನು ಒತ್ತಿದಳು. ಬಾಯಿಬಿಟ್ಟು ಹೇಳಲಾಗದ್ದನ್ನು ಬೆರಳು ಹೇಳಿತು. ಮೂರು ದಿನಕ್ಕೆ ಫೋನು ಬರುತ್ತದೆ ಎಂದಿದ್ದರಲ್ಲ. ಬಸ್ಸಿಗೆ ಓಡಿದಳು.

ಮಧ್ಯಾಹ್ನ ಎರಡು. ದೇವಕಮ್ಮ ಒಬ್ಬಳೇ ಜೋಳ ಹಸನು ಮಾಡುತ್ತಾ ಕೂತಿದ್ದಾಗ ಮೊಬೈಲು ಮಾತಾಡಿತು.

“ನಮಸ್ಕಾರ. ಈಗ ನಿಮ್ಮ ಮನಸ್ಸು ಹೇಗಿದೆ? ನೀವು ಇನ್ನೂ ಬೇಸರದಲ್ಲಿದ್ದೀರಾ?”

ದೇವಕಮ್ಮ ತಟ್ಟನೆ ತಲೆಯ ಮೇಲೆ ಸೆರಗು ಹೊದ್ದಳು. ಮೊಬೈಲು ಎತ್ತಿಕೊಂಡು ನೋಡಿದರೆ ಹನಿಗಣ್ಣಿನ ಗುಬ್ಬಿಯೊಂದು ಬಿಕ್ಕುತ್ತಾ ಕೂತಿದೆ. ಅಲ್ಲ, ಊರು ಬಿಟ್ಟ ಊರಿನ ಹೆಣ್ಣುಮಗಳು ಬಿಸಿಲು ಹೊತ್ತಿನಲ್ಲಿ ಕ್ಷೇಮ ಕೇಳಲು ಬಂದರೆ ಅವಳ ಮುಂದೆ ಅಳುವುದೇ? ಮನೆಯ ಮರ್ಯಾದೆ ಏನಾಗಬೇಕು?

“ಇಲ್ರೀ ಯವ್ವಾ, ಆರಾಮ ಅದೀವ್ರಿ,” ಎಂದು ಮೊಬೈಲಿಗೆ ಹೇಳಿ, ನಗುವ ಗುಬ್ಬಿಯ ಮೂತಿಯ ಮೇಲೆ ಬೆರಳಿಟ್ಟಳು. ಮೊಬೈಲು ಚಪ್ಪಾಳೆ ತಟ್ಟಿ “ಧನ್ಯವಾದಗಳು” ಎಂದಿತು. ಇಷ್ಟು ವರ್ಷದಲ್ಲಿ ‘ಆರಾಮ’ ಎಂದದ್ದಕ್ಕೆ ಯಾರೂ ಅವಳಿಗೆ ಚಪ್ಪಾಳೆ ತಟ್ಟಿರಲಿಲ್ಲ. ದೇವಕಮ್ಮನಿಗೆ ಸಂತೋಷವಾಯಿತು.

ಮರುದಿನವೂ ಹಾಗೇ. ಅದರ ಮರುದಿನವೂ. ಮುಂಜಾನೆ ಮೊಮ್ಮಗಳು ಅಳಿಸುತ್ತಿದ್ದ ಗುಬ್ಬಿಯನ್ನು ಮಧ್ಯಾಹ್ನ ಅಜ್ಜಿ ನಗಿಸುತ್ತಿದ್ದಳು. ಮೂರು ದಿನ ಆಯಿತು, ಏಳು ಆಯಿತು. ಯಾವ ಫೋನೂ ಬರಲಿಲ್ಲ. ಸಂಘಮಿತ್ರಾ ಸಂಜೆ ಬಂದು ಮೊಬೈಲು ನೋಡುವಳು, ಕೆಳಗಿಡುವಳು.

“ಯಾರರ ಫೋನ್ ಮಾಡಿದ್ರೇನು ಆಯಿ?” ಎಂದು ಅಜ್ಜಿಯನ್ನು ಕೇಳುವಳು.

“ಇಲ್ಲ. ಯಾರು ಮಾಡಬೇಕಿತ್ತು?”

“ಯಾರಿಲ್ಲ ತಗೋ.”

ಗಣೇಶನ ಹಬ್ಬದ ಹೊತ್ತಿಗೆ ಮನೆಯಲ್ಲಿ ಜಗಳ ಎದ್ದಿತು. ಇಪ್ಪತ್ತು ದಿನ ಬರಬೇಕಾದ ಗುಳಿಗೆಯ ಪಟ್ಟಿ ಹನ್ನೆರಡೇ ದಿನಕ್ಕೆ ಖಾಲಿ.

“ಮೆಡಿಕಲ್‌ನಾವ ಮೋಸ ಮಾಡಾಕತ್ತಾನ,” ದೇವಕಮ್ಮ ಘೋಷಿಸಿದಳು.

ಮರಿಲಿಂಗಪ್ಪ ಖಾಲಿ ಪಟ್ಟಿ ಹಿಡಿದು ಶಹಾಪುರಕ್ಕೆ ಹೋಗಿ ಔಷಧಿ ಅಂಗಡಿಯ ಮೈನುದ್ದೀನನ ಮುಂದೆ ನಿಂತ. ಮೈನುದ್ದೀನ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಅಣ್ಣಾ, ಇದು ಕಂಪನಿ ಸೀಲ್ ಮಾಲು. ಸೀಲ್ ಒಡೀದಂಗ ಗುಳಿಗಿ ತೆಗೀಲಾಕ ನಾ ಜಾದೂಗಾರ ಏನು? ನನಗ ಆ ವಿದ್ಯಾ ಬಂದಿದ್ರ ಅಂಗಡ್ಯಾಗ ಯಾಕ ಕುಂದರತಿದ್ದೆ?” ಎಂದು ನಕ್ಕವನು, ಆಮೇಲೆ ದನಿ ತಗ್ಗಿಸಿದ. “ಬ್ಯಾರೆ ಯಾರರ ತಗೊಳ್ಳಾಕತ್ತಾರೇನು ನೋಡ್ರಿ. ಈ ಗುಳಿಗಿ ಚಲೋ ಅಲ್ಲ.”

‘ಬೇರೆ ಯಾರಾದರೂ’ ಎಂಬ ಮಾತು ಮರಿಲಿಂಗಪ್ಪನಿಗೆ ಅವಮಾನವೆನಿಸಿತು. ಅದನ್ನು ದಾರಿಯಲ್ಲೇ ಬಸ್ಸಿನ ಕಿಟಕಿಯಿಂದ ಹೊರಗೆ ಎಸೆದು ಬಂದ. ಊಟಕ್ಕೆ ಕೂತಾಗ ತೀರ್ಪು ಕೊಟ್ಟ.

“ಯವ್ವಾ, ನೀನ ಮರತು ಎರಡೆರಡು ನುಂಗಾಕತ್ತಿ.”

“ನಾ ಮರಿತೀನಿ? ನೀ ಹುಟ್ಟಿದ ದಿನ ಯಾವ ಪಲ್ಯ ಮಾಡಿದ್ದೆ ಅಂತ ಹೇಳ್ಲೇನು? ಹಿರೇಕಾಯಿ!”

“ಹಿರೇಕಾಯಿ ನೆನಪಿರ್ತದ, ಗುಳಿಗಿ ನೆನಪಿರಂಗಿಲ್ಲ. ವಯಸ್ಸ ಹಂಗ.”

“ಮಲ್ಲಮ್ಮಾ, ನಿನ್ನ ಗಂಡ ನನಗ ಹುಚ್ಚಿ ಅನ್ನಾಕತ್ತಾನ. ನನಗ ರೊಟ್ಟಿ ಬ್ಯಾಡ.”

“ತಾಯಿ ಮಗ ಬಡದಾಡ್ರಿ,” ಮಲ್ಲೇಶ್ವರಿ ತಟ್ಟೆಯನ್ನು ಕುಕ್ಕಿದಳು. “ಮಾಡಿದ ರೊಟ್ಟಿ ಮುಂದ ನಾ ಬೋರಾಡಿ ಅಳ್ತೀನಿ. ಏ ಮಿತ್ರಾ, ನೀನರ ಒಂದು ಮಾತು ಹೇಳಬೇ! ಆಯಿ ಹಂಗ ಮಾತಾಡಿ ತೋರ್ಸು, ನಗಲಿ.”

ಸಂಘಮಿತ್ರಾ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದಳು. “ಹಸಿವಿಲ್ಲ,” ಎಂದಳು. ಅವಳ ಸ್ವಂತ ದನಿ. ಅದನ್ನು ಕೇಳಿ ಬಹಳ ದಿನವಾಗಿತ್ತು ಎಂದು ಯಾರಿಗೂ ಹೊಳೆಯಲಿಲ್ಲ.

ಯಾದಗಿರಿಯ ಕಚೇರಿಯಲ್ಲಿ ಗುಲ್ನಾಜ್‌ಳ ಮುಂದಿನ ಪಟ್ಟಿಯಲ್ಲಿ ದಿನದ ಕೊನೆಯ ಗುಬ್ಬಿ ಮಾತ್ರ ಕಾಣುತ್ತಿತ್ತು. ಅಲ್ಲಿ ಸಂಘಮಿತ್ರಾ ಮರಿಲಿಂಗಪ್ಪ ಜಿಲ್ಲೆಯಲ್ಲೇ ಅತಿ ಸುಖಿ ಹುಡುಗಿ. ಸೆಪ್ಟೆಂಬರ್ ಮುಗಿಯುವಾಗ ಗುಲ್ನಾಜ್ ಪ್ರತಿಯೊಬ್ಬರ ಪೂರ್ತಿ ವಿವರ ತೆರೆದು ಕೂತಳು. ಮುಂಜಾನೆ ಅಳು, ಎರಡು ಗಂಟೆಗೆ ನಗು. ಕಾಲೇಜಿದ್ದ ಇಪ್ಪತ್ತಾರು ದಿನ, ಒಂದೂ ತಪ್ಪಿಲ್ಲ. ಭಾನುವಾರ ಮಾತ್ರ ಮಧ್ಯಾಹ್ನವೂ ಅಳು. ಮರುದಿನ ಮತ್ತೆ ನಗು.

ಅವಳು ಕಾಲೇಜಿಗೆ ಫೋನು ಮಾಡಿದಳು. ಎರಡು ಗಂಟೆಗೆ ಆ ಹುಡುಗಿಗೆ ಯಾವ ಕ್ಲಾಸು? ಫಿಸಿಕ್ಸು. ಮೊಬೈಲು ಬಿಡುತ್ತೀರಾ? ಇಲ್ಲ. ಮಾನವ ಇತಿಹಾಸದಲ್ಲಿ ಮಧ್ಯಾಹ್ನದ ಊಟವಾದ ಮೇಲಿನ ಫಿಸಿಕ್ಸ್ ಕ್ಲಾಸಿನಲ್ಲಿ ಇಪ್ಪತ್ತಾರು ದಿನ ಎಡೆಬಿಡದೆ ಸಂತೋಷಪಟ್ಟವರು ಯಾರಿದ್ದಾರೆ? ಗಡಿಯಾರ ನೋಡಿ, ಎರಡೂಕಾಲಿಗೆ ಆ ಮನೆಯ ನಂಬರಿಗೆ ಕರೆ ಮಾಡಿದಳು.

“ಹಲೋ, ಹೆಂಗ...”

“ಆರಾಮ ಅದೀವ್ರಿ!” ದೇವಕಮ್ಮನ ದನಿ. “ನಿಮ್ಮ ಮನ್ಯಾಗ ಎಲ್ಲಾರೂ ಆರಾಮ?”

ಗುಲ್ನಾಜ್ ಸುರಪುರದವಳು. ಅವಳ ನಾನಿ ಮುರಿದ ಕೈಗೆ ಹಲಗೆ ಕಟ್ಟಿಸಿಕೊಂಡೂ ‘ಸಬ್ ಖೈರಿಯತ್’ ಅನ್ನುತ್ತಿದ್ದವಳು. ಹೆಚ್ಚಿಗೆ ಕೇಳಲಿಲ್ಲ. ಮರುದಿನ ಮುಂಜಾನೆಯ ಶಹಾಪುರದ ಬಸ್ಸು ಹಿಡಿದಳು.

ಕಾಲೇಜಿನ ಹಿಂದಿನ ಬೇವಿನ ಕಟ್ಟೆಯ ಮೇಲೆ ಇಬ್ಬರೂ ಕೂತರು.

“ನೀ ದಿನಾ ಯಾವ ಗುಬ್ಬಿ ಒತ್ತತಿ, ಮಿತ್ರಾ?”

“ಅಳೋದು.” ಸಂಘಮಿತ್ರಾ ಅವಳ ಮುಖ ನೋಡಲಿಲ್ಲ. “ಒಂದೂ ದಿನ ಬಿಟ್ಟಿಲ್ರಿ. ಮೂರು ದಿನಕ್ಕ ಫೋನ್ ಮಾಡ್ತೀವಿ ಅಂದಿದ್ರಿ. ನೀವೂ ಮಾಡ್ಲಿಲ್ಲ.”

“ನನಗ ದಿನಾ ನಗೋ ಗುಬ್ಬಿ ಬಂದದವ್ವಾ. ಮಧ್ಯಾಹ್ನ ಎರಡಕ್ಕ ಯಾರೋ ಬದಲಿ ಮಾಡ್ಯಾರ.”

ಸಂಘಮಿತ್ರಾ ತಲೆ ಎತ್ತಿದಳು. ಎರಡು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ?

“ಆಯಿ!”

ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. ಗುಲ್ನಾಜ್ ಅದು ಮುಗಿಯುವವರೆಗೆ ಕಾದಳು. ಆಮೇಲೆ ಸೀದಾ ಕೇಳಿದಳು, “ಜೀವಾನ ಬ್ಯಾಡ ಅನಸ್ತದೇನು?”

“ಒಮ್ಮೊಮ್ಮೆ... ನಾಳಿ ಏಳದಿದ್ರ ಚಲೋ ಅನಸ್ತದ್ರಿ.” ಆಮೇಲೆ ಗುಳಿಗೆಯ ಮಾತು ಬಂತು. ಆರು ಅಂಕದ ಮಾತು ಬಂತು. ಬ್ಯಾನರಿನದು ಕೊನೆಗೆ ಬಂತು, ಅದಕ್ಕೇ ಹೆಚ್ಚು ಅತ್ತಳು.

“ಚಲೋ ಮಾಡಿದಿ ಹೇಳಿ. ಇವತ್ತ ಸಂಜಿಕ ಮನ್ಯಾಗ ಹೇಳೂಣು, ಗುಳಿಗಿದು ನಾಳಿಗಿ ಬಿಡಂಗಿಲ್ಲ. ನೀ ಹೇಳ್ತಿಯೋ, ನಾ ಹೇಳ್ಲೋ?”

“ನೀವ ಹೇಳ್ರಿ. ನಾ ಬಾಜೂಕ ಕುಂದರ್ತೀನಿ.”

ಸಂಜೆ ನಾಲ್ಕೂವರೆಯ ಬಸ್ಸಿಗೆ ಇಬ್ಬರೂ ಇಳಿದರು. ದೇವಕಮ್ಮ ಹೊಸಬಳಿಗೆ ಚಾಪೆ ಹಾಸಿ, ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಸುರಿದು, “ಮೇಡಮ್ಮೋರೆ, ಆರಾಮ?” ಎಂದಳು. ಮರಿಲಿಂಗಪ್ಪ ವಾಲ್ವಿನ ಚಾವಿ ಹೆಗಲ ಮೇಲಿಟ್ಟುಕೊಂಡೇ ಬಂದ. ಮಲ್ಲೇಶ್ವರಿಯ ಕೈಯಲ್ಲಿ ಹಿಟ್ಟು.

ಗುಲ್ನಾಜ್ ಮೊದಲು ಗುಬ್ಬಿಯ ಸಂಗತಿ ಹೇಳಿದಳು. ಎಲ್ಲರೂ ದೇವಕಮ್ಮನ ಕಡೆ ತಿರುಗಿದರು.

“ಹೂಂ, ನಾನ ಒತ್ತೀನಿ,” ಅವಳು ಧೈರ್ಯವಾಗಿಯೇ ಒಪ್ಪಿಕೊಂಡಳು. “ಪರಸ್ಥಳದ ಹೆಣ್ಮಗಳು ದಿನಾ ತಪ್ಪಲಾರದೆ ಕೇಳ್ತಾಳ. ನಾವು ಅಳಾಕತ್ತೀವಿ ಅಂತ ಹೇಳಬೇಕೇನು? ಯಾರ ಮುಂದ?”

“ಆಯಿ, ಆಕಿ ಕೇಳಾಕತ್ತಿದ್ದು ನನಗ,” ಸಂಘಮಿತ್ರಾ ಹೇಳಿದಳು. “ಅಳಾಕತ್ತಿದ್ದಾಕಿ ನಾ.”

ದೇವಕಮ್ಮ ಕೈಯ ಚಹಾ ಬಟ್ಟಲನ್ನು ನೆಲಕ್ಕಿಟ್ಟಳು.

ಅಂಕದ ಮಾತು ಬಂದಾಗ ಮರಿಲಿಂಗಪ್ಪ ಎದ್ದೇಬಿಟ್ಟ. “ಮೂವತ್ತೈದಕ್ಕ ಆರು? ಊರ ತುಂಬ ನಾ ಬ್ಯಾನರ್...”

“ಅಣ್ಣೋರೆ, ಕೂಡ್ರಿ. ಇನ್ನಾ ಒಂದು ಮಾತು ಅದ.” ಗುಲ್ನಾಜ್ ಗುಳಿಗೆಯ ಸಂಗತಿ ಹೇಳಿದಳು. ನಾಳೆ ಏಳದಿದ್ದರೆ ಎಂಬುದನ್ನೂ, ಸಂಘಮಿತ್ರಾಳ ಕೈ ಹಿಡಿದುಕೊಂಡು, ಹೇಳಿದಳು.

ಮರಿಲಿಂಗಪ್ಪ ಕೂತ. ಬಸ್ಸಿನ ಕಿಟಕಿಯಿಂದ ಎಸೆದು ಬಂದಿದ್ದ ಮೈನುದ್ದೀನನ ಮಾತು ಅಷ್ಟು ದೂರ ನಡೆದುಕೊಂಡು ಬಂದು ಅವನ ಎದುರು ಕೂತಿತು.

ಅಷ್ಟರಲ್ಲಿ ಅವನ ಮೊಬೈಲು ರಿಂಗಣಿಸಿತು. “ಮರಿಲಿಂಗಣ್ಣಾ, ನೀರ ಯಾವಾಗ ಬಿಡ್ತಿ?” ಎಂದು ಅತ್ತಲಿನ ದನಿ ಇಡೀ ಮನೆಗೆ ಕೇಳಿಸಿತು.

“ಇವತ್ತ ತಡ ಆಗ್ತದಪ್ಪ,” ಎಂದ ಅವನು, ಕಣ್ಣು ಒರೆಸಿಕೊಳ್ಳುತ್ತಾ. “ಮೊದಲು ನಮ್ಮನಿಗಿ ಬಂದದ.” ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೊಬೈಲನ್ನು ಬಂದ್ ಮಾಡಿ ಚಾಪೆಯ ಕೆಳಗೆ ಇಟ್ಟ.

ಮಲ್ಲೇಶ್ವರಿ ಹಿಟ್ಟಿನ ಕೈಯಲ್ಲೇ ಮಗಳ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಲ್ಲಿ ಅಪ್ಪಿಕೊಂಡಳು. “ಇನ್ನೂರು ಮಂದಿ ಹುಡುಗ್ರ ಗಂಗಾಳ ನೋಡ್ತೀನಿ. ನಿನ್ನ ಗಂಗಾಳದಾಗ ರೊಟ್ಟಿ ಉಳಿಯೋದು ನೋಡ್ಲಿಲ್ಲಲ್ಲ ಬೇ! ನನಗ ಹೇಳಬಾರದಿತ್ತೇನು?”

“ನೀ ಕೇಳಿದ್ರ ನಾ ಏನಂತಿದ್ದೆ? ಆರಾಮ ಅಂತಿದ್ದೆ,” ಸಂಘಮಿತ್ರಾ ಅಮ್ಮನ ಹೆಗಲಿನಲ್ಲಿ ಮುಖವಿಟ್ಟು ಹೇಳಿದಳು. “ನೀವ ಕಲಿಸೀರಿ.”

ದೇವಕಮ್ಮ ಎದ್ದು ಮಾಡದಿಂದ ಗುಳಿಗೆಯ ಪಟ್ಟಿ ತೆಗೆದು ಸೊಸೆಯ ಹಿಟ್ಟಿನ ಕೈಯಲ್ಲಿ ಇಟ್ಟಳು. “ಕೀಲಿ ಹಾಕಿ ಇಡು. ರಾತ್ರಿ ನನಗೂ ನೀನ ಕೊಡು,” ಎಂದಳು. ಐವತ್ತು ವರ್ಷದ ಸಂಸಾರದಲ್ಲಿ ಅವಳು ಸೊಸೆಗೆ ಒಪ್ಪಿಸಿದ ಮೊದಲ ಅಧಿಕಾರ ಅದು.

ಆ ರಾತ್ರಿ ಮಗಳು ಅಮ್ಮನ ಪಕ್ಕದಲ್ಲೇ ಮಲಗಿದಳು. ಮರುದಿನ ಗುಲ್ನಾಜ್ ಗೊತ್ತುಮಾಡಿದ್ದಂತೆ ತಂದೆ, ತಾಯಿ, ಮಗಳು ಮೂವರೂ ಯಾದಗಿರಿಯ ದವಾಖಾನೆಗೆ ಹೋದರು. ಡಾಕ್ಟರು ಅರ್ಧ ತಾಸು ಮಾತಾಡಿಸಿದರು. ಬರುವಾಗ ಮೂವರೂ ಮಿರ್ಚಿ ತಿಂದು ಬಂದರು. ಅಲ್ಲಿಂದ ಮುಂದೆ ಗುರುವಾರ ಗುರುವಾರ ಗುಲ್ನಾಜ್, ಬೇವಿನ ಕಟ್ಟೆ.

ಬ್ಯಾನರಿನ ಮೇಲೆ ಮಾತ್ರ ಎರಡು ದಿನ ಜಗಳ ನಡೆಯಿತು.

“ಇಳಿಸಿದ್ರ ಮಂದಿ ಏನಂತಾರ? ಫೇಲ್ ಆದ್ಳು ಅಂತಾರ,” ಮರಿಲಿಂಗಪ್ಪ.

“ಅನ್ಲಿ ಬಿಡಪ್ಪ. ಆಗೀನಲ್ಲ,” ಮಗಳು.

“ಗಾಳಿಗಿ ಹರೀತು ಅಂತ ಹೇಳು,” ಮಲ್ಲೇಶ್ವರಿ.

ಕೊನೆಗೆ ಭಾನುವಾರ ಅವನೇ ಏಣಿ ಹತ್ತಿ ಬಿಚ್ಚಿ ತಂದ. ಗಟ್ಟಿ ಮಾಲು, ಬಿಸಾಡಲು ಮನಸ್ಸು ಬರಲಿಲ್ಲ. ಹಿತ್ತಲ ಕಟ್ಟಿಗೆಯ ಒಟ್ಟಿಲಿಗೆ ಮಳೆ ಬೀಳದಂತೆ ಹೊದಿಸಿದ. ದೋರನಹಳ್ಳಿಯ ಹೆಮ್ಮೆ ಈಗ ಒಣ ಕಟ್ಟಿಗೆಯನ್ನು ಕಾಯುತ್ತಿದೆ. ಹಜರಾಬೀಯ ಆಡು ಅದರ ಒಂದು ಮೂಲೆ ತಿಂದು ನೋಡಿತು, ರುಚಿಸಲಿಲ್ಲ.

ಸಗರದಿಂದ ಬರುವ ಬಸವೇಶ್ವರಿ ಎಂಬ ಎರಡನೇ ವರ್ಷದ ಹುಡುಗಿಯೂ ಕನ್ನಡದಲ್ಲಿ ಓದಿ ಬಂದವಳು, ಅವಳೂ ಮೊದಲ ಪರೀಕ್ಷೆಯಲ್ಲಿ ಒಂಬತ್ತು ತೆಗೆದವಳು. ಅವಳು ಊಟದ ಬಿಡುವಿನಲ್ಲಿ ಫಿಸಿಕ್ಸನ್ನು ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದಳು. ಅಕ್ಟೋಬರಿನ ಪರೀಕ್ಷೆಯಲ್ಲಿ ಹದಿಮೂರು ಬಂತು. ಪಾಸು, ಕೂದಲೆಳೆಯಷ್ಟು. ಮರಿಲಿಂಗಪ್ಪ ಬಾಯಿ ತೆರೆದ. ಮಲ್ಲೇಶ್ವರಿ ಅವನ ತಟ್ಟೆಗೆ ಒಂದು ದೊಡ್ಡ ರೊಟ್ಟಿ ಹಾಕಿ ಆ ಬಾಯಿಗೆ ಕೆಲಸ ಕೊಟ್ಟಳು.

ಅಡುಗೆಮನೆಯ ಗೋಡೆಯ ಮೇಲೆ ಸಂಘಮಿತ್ರಾ ಇದ್ದಲಿನಿಂದ ಮೂರು ಗುಬ್ಬಿ ಬರೆದಳು. ಊಟಕ್ಕೆ ಕೂರುವ ಮೊದಲು ಪ್ರತಿಯೊಬ್ಬರೂ ತಮ್ಮ ಗುಬ್ಬಿಗೆ ತಮ್ಮ ಬಣ್ಣದ, ಹಣೆಗೆ ಹಚ್ಚುವ ಟಿಕಳಿಯೊಂದನ್ನು ಅಂಟಿಸಬೇಕು. ಯಾರದನ್ನು ಯಾರೂ ಮುಟ್ಟಬಾರದು. ಮರಿಲಿಂಗಪ್ಪ ನಾಚಿಕೊಂಡು ಕಪ್ಪು ಟಿಕಳಿಯನ್ನು ಸುಮ್ಮನೆ ಕೂತ ಗುಬ್ಬಿಗೆ ಹಚ್ಚಿದ. ಮೋಟರು ಸುಟ್ಟ ದಿನ ಅಳುವುದಕ್ಕೂ ಹಚ್ಚಿದ. ಮಲ್ಲೇಶ್ವರಿಯದು ಒಂದೊಂದು ದಿನ ಒಂದೊಂದು. ದೇವಕಮ್ಮನ ಕೆಂಪು ಟಿಕಳಿ ಮಾತ್ರ ದಿನವೂ ನಗುವ ಗುಬ್ಬಿಯ ಹಣೆಯ ಮೇಲೆ, ಮುತ್ತೈದೆಯ ಕುಂಕುಮದಂತೆ ಜಾಗ ಬದಲಿಸದೆ ಇತ್ತು.

“ಆಯಿ, ಖರೆ ಹೇಳು.”

“ಖರೇನ. ನಾ ಆರಾಮ.”

ಮೊಬೈಲಿನ ಗುಬ್ಬಿ ಈಗಲೂ ಕೆಲವು ದಿನ ಎರಡು ಗಂಟೆಗೆ ಕೇಳುತ್ತದೆ. ದೇವಕಮ್ಮ ಬಲಗೈಯನ್ನು ತೊಡೆಯ ಕೆಳಗೆ ಅದುಮಿ ಕೂರುತ್ತಾಳೆ. ಆದರೆ ಕೇಳಿದವರಿಗೆ ಉತ್ತರಿಸದೆ ಇರುವುದು ಹೇಗೆ? “ಆಕಿ ಕಾಲೇಜಿಗಿ ಹೋಗ್ಯಾಳ್ರಿ ಯವ್ವಾ,” ಎಂದು ಮೊಬೈಲಿಗೆ ವಿನಯದಿಂದ ಹೇಳುತ್ತಾಳೆ. “ಸಂಜಿಕ ಬರ್ತಾಳ. ಆಕಿನ್ನ ಕೇಳ್ರಿ.”

ಒಂದು ಮಧ್ಯಾಹ್ನ ಮೊಮ್ಮಗಳು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡುಬಿಟ್ಟಳು. ಅಂದು ಕಾಲೇಜು ಅರ್ಧ ದಿನಕ್ಕೇ ಬಿಟ್ಟು ಮೊದಲೇ ಬಂದಿದ್ದಳು. ರಾತ್ರಿ ಊಟಕ್ಕೆ ಕೂತಾಗ, ಏನೂ ಮುನ್ಸೂಚನೆ ಇಲ್ಲದೆ, ತಲೆಯ ಮೇಲೆ ಸೆರಗಿನಂತೆ ವೇಲು ಹೊದ್ದು, ಬಲಗೈಯನ್ನು ತೊಡೆಯ ಕೆಳಗೆ ತುರುಕಿಕೊಂಡು, ರೊಟ್ಟಿಯ ಬುಟ್ಟಿಗೆ ಬಾಗಿ ಹೇಳಿದಳು: “ಆಕಿ ಕಾಲೇಜಿಗಿ ಹೋಗ್ಯಾಳ್ರಿ ಯವ್ವಾ!”

ಮರಿಲಿಂಗಪ್ಪನಿಗೆ ನೀರು ನೆತ್ತಿಗೇರಿತು. ಮಲ್ಲೇಶ್ವರಿ ಈ ಸಲ ಮುಖ ತಿರುಗಿಸಿಕೊಳ್ಳಲಿಲ್ಲ. ದೇವಕಮ್ಮ “ನನ್ನ ನಕಲಿ ಮಾಡ್ತಿಯೇನ ಬೇ!” ಎಂದು ಲಟ್ಟಣಿಗೆ ಹುಡುಕಿದಳು, ಆದರೆ ನಗು ತಡೆಯದೆ ಅಲ್ಲೇ ಕೂತುಬಿಟ್ಟಳು. ಕೂತವಳು ಹಾಗೇ ಗೋಡೆಯ ಕಡೆ ತಿರುಗಿ, ತನ್ನ ಕೆಂಪು ಟಿಕಳಿಯನ್ನು ಕಿತ್ತು, ಅಳುವ ಗುಬ್ಬಿಗೆ ಅಂಟಿಸಿದಳು.

“ಯಾಕ ಆಯಿ? ಈಗ ನಕ್ಕಿಯಲ್ಲ!”

“ಮೊಣಕಾಲು ಎರಡು ವರ್ಷದಿಂದ ಸುಡತದ. ಅರ್ಧ ಗುಳಿಗಿ ಸೊಸಿ ಕಡಿ ಬೇಡಾಕ ನಾಚಿಕಿ ಬರ್ತದ. ಎಲ್ಲಾ ಇವತ್ತ ನೆನಪಾತು,” ಎಂದಳು ದೇವಕಮ್ಮ, ಇನ್ನೂ ನಗುತ್ತಲೇ.

“ಬೇಡೋದ್ಯಾಕತ್ತಿ? ನಾನ ತಂದು ಕೊಡ್ತೀನಿ,” ಎಂದಳು ಮಲ್ಲೇಶ್ವರಿ. “ಮೊಣಕಾಲಿಗಿ ಸೋಮವಾರ ಯಾದಗಿರಿಗಿ ಹೋಗೂಣು.”

ಮರುದಿನ ಮುಂಜಾನೆ ಹಜರಾಬೀ ಸೊಪ್ಪಿನ ಹೊರೆ ಹಿಡಿದು, ಹೊಸದಾಗಿ ಕಟ್ಟಿದ ಗೋಡೆಯ ಮೇಲಿಂದ ಇಣುಕಿದಳು.

“ದೇವಕ್ಕಾ, ಆರಾಮ?”

ದೇವಕಮ್ಮನ ಬಾಯಿ ರೂಢಿಯಂತೆ ತೆರೆಯಿತು. ಜಡೆ ಹಾಕಿಕೊಳ್ಳುತ್ತಿದ್ದ ಸಂಘಮಿತ್ರಾ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. ದೇವಕಮ್ಮ ಬಾಯಿ ಮುಚ್ಚಿ, ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

“ಅದು ಗ್ವಾಡಿ ಮ್ಯಾಲಿಂದ ಹೇಳೋ ಮಾತಲ್ಲ ಹಜರಾ. ಒಳಗ ಬಾ, ಚಾ ಇಡ್ತೀನಿ.”

ಹಜರಾಬೀ ಸೊಪ್ಪಿನ ಹೊರೆಯನ್ನು ಆಡಿನ ಮುಂದೆ ಪೂರ್ತಿ ಸುರಿದುಬಿಟ್ಟಳು.

“ತಡಿ ದೇವಕ್ಕಾ, ಬಂದೆ. ಮೂವತ್ತು ವರ್ಷದಿಂದ ಹೇಳಲಾರದ್ದು ನಂದೂ ಅದ.”